ಕ್ವಾಂಡಾಂಗ್ ಬೀದಿಯ ಟ್ರಾಫಿಕ್

ವಿಲ್ಗಾ ಫ್ಲಾಟ್ ಎಂಬ ನಮ್ಮೂರಿನ ಪುರಸಭೆಯ ವ್ಯಾಪ್ತಿಗೆ ಒಳಪಟ್ಟ ರಸ್ತೆಗಳ ಪೈಕಿ ವಾಹನವೇ ಓಡಾಡದ ರಸ್ತೆ ಎಂದರೆ ಕ್ವಾಂಡಾಂಗ್ ಬೀದಿ. ಇದು ದಾಖಲೆಯಲ್ಲಿರುವ ಸಂಗತಿ. ಬೀದಿಯು ಮುಖ್ಯರಸ್ತೆಯ ಕೆಂಪು ಅಂಚೆ ಡಬ್ಬಿಯ ಪಕ್ಕದಲ್ಲಿ ಶುರುವಾಗಿ, ಯಾರೂ ಕೊಳ್ಳದ ಖಾಲಿ ಸೈಟುಗಳನ್ನು ದಾಟಿ, ಡಲ್ಸಿ ಪಾರ್ಜಿಟರ್ ಎಂಬ ವಯಸ್ಸಾದ ಹೆಂಗಸಿನ ಗೇಟಿನ ಮುಂದೆ ಮುಗಿದುಹೋಗುತ್ತದೆ. ಅದರಾಚೆಗೆ ಕುರಿಗಳ ಹುಲ್ಲುಗಾವಲು. ಕುರಿಗಳಿಗೆ ಚಾಲನಾ ಪರವಾನಗಿ ಇಲ್ಲ. ಹೀಗಿದ್ದೂ ಕಳೆದ ಜೂನ್ ತಿಂಗಳಲ್ಲಿ ಸದರಿ ಬೀದಿಯನ್ನು ವಿಪರೀತ ಟ್ರಾಫಿಕ್ಕಿನ ಕಾರಣಕ್ಕಾಗಿ ಮುಚ್ಚಲಾಯಿತು. ಕೇಳಿದವರು ಹುಬ್ಬೇರಿಸುವ ಅಗತ್ಯವಿಲ್ಲ, ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು.

ಡಲ್ಸಿ ಆಯುಷ್ಯವೆಲ್ಲ ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಮಾಂಸ ತುಂಬಿದ ಬಿಸಿ ಪೈ ಮಾರಿದವಳು. ಗಂಡ ಲೆನ್ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವ ಜೀವ ಅಂದರೆ ಇವಳೊಬ್ಬಳು, ಹಿತ್ತಲಲ್ಲಿ ಕೋಳಿಗಳು. ‘ಕಂಪ್ಯೂಟರಿಗೆ ಹೆದರಬೇಡಿ’ ಅಂತ ಲೈಬ್ರರಿಯವರು ಹಿರಿಯರಿಗಾಗಿ ಒಂದು ತರಗತಿ ನಡೆಸಿದಾಗ ಇವಳೂ ಹೋಗಿ ಕೂತಳು. ಉಳಿದವರೆಲ್ಲ ಹೆದರಿಕೊಂಡೇ ಮನೆಗೆ ಹೋದರು, ಇವಳು ಮಾತ್ರ ಒಂದು ಬ್ಲಾಗು ತೆರೆದುಬಿಟ್ಟಳು. ಬ್ಲಾಗಿನ ಹೆಸರು ‘ಇವತ್ತು ಮೊಟ್ಟೆ ಇಲ್ಲ’. ಬೆಳಿಗ್ಗೆ ಎದ್ದು, ಗೂಡಿನಲ್ಲಿ ಕೈಯಾಡಿಸಿ, ಕೋಳಿಗಳ ಯೋಗಕ್ಷೇಮವನ್ನು ಅಡಿಗೆಮನೆಯ ಮೇಜಿನ ಮುಂದೆ ಕೂತು ಬರೆಯುವಳು. ಮೊಟ್ಟೆ ಸಿಕ್ಕ ದಿನವೂ ಹೆಸರು ಅದೇ, ಬದಲಾಯಿಸುವುದು ಹೇಗೆ ಅಂತ ತರಗತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಬ್ಲಾಗು ಬರೆಯುವವರ ಲೋಕದಲ್ಲಿ ಒಂದು ನಡವಳಿಕೆ ಇದೆ. ನೀನು ನನ್ನದನ್ನು ಓದಿ ‘ಚೆನ್ನಾಗಿದೆ’ ಅಂದರೆ, ನಾನು ನಿನ್ನದನ್ನು ಓದದೆ ‘ಚೆನ್ನಾಗಿದೆ’ ಅನ್ನಬೇಕು. ಈ ಪ್ರಕಾರ ಡಲ್ಸಿಗೆ ಒಂದು ಬಳಗವೂ ಕೂಡಿಬಂತು. ನ್ಯೂಜಿಲೆಂಡಿನ ತುದಿಯ ಊರೊಂದರಲ್ಲಿ ಆರ್ಚಿ ಅಂತ ಒಬ್ಬಾತ ದಿನಾ ಒಂದು ಮೋಡದ ಫೋಟೋ ಹಾಕಿ, ಇದು ಯಾರ ಹಾಗೆ ಕಾಣುತ್ತದೆ ಹೇಳಿ ಅನ್ನುತ್ತಿದ್ದ. ನಾರ್ಫೋಕ್ ದ್ವೀಪದ ಒಬ್ಬಾಕೆಯ ಬ್ಲಾಗಿನಲ್ಲಿ ‘ಬಹಳ ದಿನದಿಂದ ಬರೆಯಲಾಗಲಿಲ್ಲ, ದಯವಿಟ್ಟು ಕ್ಷಮಿಸಿ’ ಎಂಬ ಬರಹವಿತ್ತು. ಅದರ ಕೆಳಗೆ ಇನ್ನೊಂದಿತ್ತು, ಅದೂ ಅದೇ. ತಳದವರೆಗೆ ಹೋದರೂ ಬೇರೆ ಏನೂ ಸಿಗುತ್ತಿರಲಿಲ್ಲ. ಆಕೆಗೆ ಓದುಗರು ಬಹಳ ಮಂದಿ.

ಇವರೆಲ್ಲರ ನಡುವೆ ನಿಜವಾಗಿ ಓದುತ್ತಿದ್ದವಳು ಒಬ್ಬಳೇ, ಟಾಸ್ಮೇನಿಯಾ ದ್ವೀಪದ ನೆಸ್ಟಾ ಕರ್ಕ್‌ಬ್ರೈಡ್. ಆಕೆಯದು ಜಾಮ್ ಮಾಡುವುದರ ಬಗ್ಗೆ ಬ್ಲಾಗು, ಹೆಸರು ‘ಇನ್ನೂ ಕುದಿಯುತ್ತಿದೆ’. ಇವರಿಬ್ಬರ ಸ್ನೇಹ ಶುರುವಾದದ್ದೇ ಜಗಳದಿಂದ. ಡಲ್ಸಿ ಒಮ್ಮೆ, ‘ನನ್ನ ಗ್ಲೋರಿಯಾಗೆ ಏನಾಗಿದೆಯೋ, ಎಷ್ಟು ಕಾಳು ತಿಂದರೂ ಒಂದು ಮೊಟ್ಟೆ ಇಡಲೊಲ್ಲಳು’ ಅಂತ ಗೋಳಾಡಿ ಫೋಟೋ ಹಾಕಿದ್ದಳು. ಬಳಗದವರೆಲ್ಲ ‘ಚೆನ್ನಾಗಿದೆ’ ಅಂದರು. ನೆಸ್ಟಾ ಮಾತ್ರ ಬರೆದಳು: ‘ಅಮ್ಮಾ ತಾಯೀ, ಅದು ಹುಂಜ.’

ಅಲ್ಲಿಂದ ಏಳು ವರ್ಷ, ಒಂದು ದಿನ ತಪ್ಪದೆ ಇಬ್ಬರೂ ಕಾಮೆಂಟಿನಲ್ಲೇ ಕಿತ್ತಾಡಿದರು, ಕಾಮೆಂಟಿನಲ್ಲೇ ಅತ್ತರು, ಕಾಮೆಂಟಿನಲ್ಲೇ ಕ್ರಿಸ್‌ಮಸ್ ಮಾಡಿದರು. ಒಬ್ಬರ ದನಿ ಒಬ್ಬರು ಕೇಳಿರಲಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಇಬ್ಬರಿಗೂ ಫೋನಿನಲ್ಲಿ ಮಾತಾಡಲು ನಾಚಿಕೆ.

ಕಳೆದ ಮೇ ತಿಂಗಳಲ್ಲಿ ನೆಸ್ಟಾ ಬರೆದಳು: ‘ಕಣ್ಣಿನ ಡಾಕ್ಟರು ಇವತ್ತು ಮುಖ ಸಪ್ಪಗೆ ಮಾಡ್ಕೊಂಡು ಕೂರಿಸಿದ್ರು. ಜೂನ್ ಕೊನೆಗೆ ನನ್ನ ಲೈಸೆನ್ಸ್ ಮುಗಿಯುತ್ತಂತೆ, ಮತ್ತೆ ಕೊಡಲ್ಲವಂತೆ. ಅಷ್ಟರೊಳಗೆ ಕಾರನ್ನ ಹಡಗಿಗೆ ಹತ್ತಿಸ್ಕೊಂಡು ಬಂದುಬಿಡ್ತೀನಿ ಕಣೇ ನಿನ್ನ ಮನೆಗೆ. ಈಗ ಬಂದ್ರೆ ಬಂದೆ, ಇಲ್ಲಾಂದ್ರೆ ಇಲ್ಲ.’

ಡಲ್ಸಿ ಅದನ್ನು ಓದಿ ಅಡಿಗೆಮನೆಯಲ್ಲಿ ಒಬ್ಬಳೇ ಗೊಳೋ ಅಂತ ಅತ್ತಳು. ಸಂತೋಷಕ್ಕೆ ಅತ್ತದ್ದು, ಅಥವಾ ಆ ಮೇಜಿಗೆ ಎರಡನೆಯ ಕುರ್ಚಿ ಎಳೆದು ಬಹಳ ಕಾಲವಾಗಿತ್ತು ಅಂತ ಅತ್ತದ್ದು. ಆಮೇಲೆ ಎದ್ದು ಕುರ್ಚಿಯ ಧೂಳು ಒರೆಸಿ, ‘ಬಾರೆ ಮಾರಾಯ್ತಿ, ಬೇಗ ಬಾ’ ಅಂತ ಉತ್ತರ ಬರೆದಳು.

ಅದೇ ವಾರ ಪರ್ಲ್ ಎಂಬ ಬಿಳಿ ಕೋಳಿ ಡಲ್ಸಿಯ ಒಂದು ಕಿವಿಯ ಮೆಷಿನ್ನನ್ನು ನುಂಗಿತು. ಕಿವಿಯಿಂದ ಜಾರಿ ಬಿದ್ದದ್ದನ್ನು ಜೋಳದ ಕಾಳು ಅಂತ ತಿಳಿದುಕೊಂಡಿರಬೇಕು. ಅವತ್ತಿನಿಂದ ಕೋಳಿ ಬಾಯಿ ತೆರೆದರೆ ಸಾಕು, ಹೊಟ್ಟೆಯೊಳಗಿಂದ ಸಿಳ್ಳೆ ಕೇಳುತ್ತಿತ್ತು. ಡಲ್ಸಿ ಇದನ್ನು ಬ್ಲಾಗಿನಲ್ಲಿ ಬರೆದು ಸಿಳ್ಳೆಯ ವಿಡಿಯೋ ಹಾಕಿದ್ದೇ ತಡ, ಎಲ್ಲೆಲ್ಲಿಯ ಜನವೋ ಓದಲು ನುಗ್ಗಿದರು. ಹೀಗೆ ಬಂದುಹೋಗುವ ಓದುಗರಿಗೆ ಬ್ಲಾಗಿನವರ ಭಾಷೆಯಲ್ಲಿ ಟ್ರಾಫಿಕ್ ಎನ್ನುತ್ತಾರೆ. ಈ ಒಂದು ಮಾತಿನಿಂದಲೇ ಮುಂದಿನದೆಲ್ಲ ನಡೆಯಿತು.

ಲೈಬ್ರರಿಯೂ ಪುರಸಭೆಯೂ ನಮ್ಮೂರಿನಲ್ಲಿ ಒಂದೇ ಕಟ್ಟಡದಲ್ಲಿವೆ, ಕೌಂಟರೂ ಒಂದೇ. ಡಲ್ಸಿ ಪುಸ್ತಕ ಹಿಂತಿರುಗಿಸಲು ಹೋದ ದಿನ ಕೌಂಟರಿನಲ್ಲಿ ಕೂತಿದ್ದವನು ಸಂಚಾರ ಶಾಖೆಯ ಅಧಿಕಾರಿ ಬ್ರೆಂಡನ್ ಆಕರ್ಬಿ. ಚಿಕ್ಕಂದಿನಲ್ಲಿ ಇವಳ ಕೈಯಿಂದಲೇ ಪೈ ತಿಂದು ಬೆಳೆದ ಹುಡುಗ, ಈಗ ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು ಓಡಾಡುತ್ತಾನೆ. ಪುರಸಭೆಯ ನಾಗರಿಕ ಸ್ಪಂದನಾ ನಿಯಮಾವಳಿಯ ಪ್ರಕಾರ, ‘ಹೇಗಿದ್ದೀರಿ?’ ಎಂದು ಕೇಳಿದ ನಂತರ ನಾಗರಿಕರು ಆಡುವ ಯಾವುದೇ ಮಾತನ್ನು ದೂರು, ಮೆಚ್ಚುಗೆ ಅಥವಾ ಹವಾಮಾನ ಎಂಬ ಶೀರ್ಷಿಕೆಯಡಿ ದಾಖಲಿಸತಕ್ಕದ್ದು.

“ಹೇಗಿದ್ದೀರಿ ಮಿಸೆಸ್ ಪಾರ್ಜಿಟರ್?” ಅಂದ ಬ್ರೆಂಡನ್.

“ಅಯ್ಯೋ ಏನ್ ಹೇಳ್ಲಪ್ಪಾ, ಟ್ರಾಫಿಕ್ಕು! ಸಿಕ್ಕಾಪಟ್ಟೆ ಟ್ರಾಫಿಕ್ಕು. ಸುಧಾರಿಸಕ್ಕೇ ಆಗ್ತಿಲ್ಲ.”

ಬ್ರೆಂಡನ್ ಬೆನ್ನು ನೆಟ್ಟಗೆ ಮಾಡಿ ಕೂತ. “ಯಾವ ಹೊತ್ತಲ್ಲಿ ಜಾಸ್ತಿ?”

“ನಾನು ಮಲಗಿದ ಮೇಲೇ ಜಾಸ್ತಿ. ಬೆಳಿಗ್ಗೆ ಎದ್ದು ನೋಡೋಷ್ಟರಲ್ಲಿ ಬಂದು ಹೋಗಿರ್ತಾರೆ.”

“ಹೊರಗಿನವರಾ?”

“ಕೆನಡಾದಿಂದ್ಲೂ ಬಂದಿದ್ರು ಕಣೋ!”

“ಕೆನಡಾ...” ಅಂತ ಬ್ರೆಂಡನ್ ಒತ್ತಿ ಬರೆದುಕೊಂಡ. “ಬಂದು ನಿಲ್ಲಿಸ್ತಾರಾ?”

“ಹೆಚ್ಚಿನವರು ನಿಲ್ಲಲ್ಲ. ಹಂಗೇ ಕಣ್ಣಾಡಿಸ್ಕೊಂಡು ಸರ್ರಂತ ಹೋಗಿಬಿಡ್ತಾರೆ. ಕೆಲವರು ಹೋಗ್ತಾ ಹೋಗ್ತಾ ಒಂದು ಕೆಟ್ಟ ಮಾತು ಬಿಸಾಕಿ ಹೋಗ್ತಾರೆ.”

“ಕೋಳಿಗಳಿಗೆ ಅಪಾಯ ಇದೆಯಾ?”

“ಏ, ಕೋಳಿ ನೋಡಕ್ಕೇ ಅಲ್ವೇನೋ ಅವರು ಬರೋದು!”

ದೂರು ದಾಖಲಾಯಿತು. ಡಲ್ಸಿ ಇನ್ನೊಂದು ಪುಸ್ತಕ ತೆಗೆದುಕೊಂಡು, ಎಷ್ಟು ಅಕ್ಕರೆಯ ಹುಡುಗ, ಬ್ಲಾಗಿನ ಬಗ್ಗೆ ಇಷ್ಟು ಕೇಳಿದನಲ್ಲ ಅಂತ ಖುಷಿಪಡುತ್ತ ಮನೆಗೆ ಬಂದಳು.

ಇಲ್ಲಿ ಓದುಗರು ತಿಂಗಳನ್ನು ಗಮನಿಸಬೇಕು. ಜೂನ್ ಕೊನೆಗೆ ನಮ್ಮ ಸರ್ಕಾರದ ಆರ್ಥಿಕ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಖರ್ಚಾಗದ ಅನುದಾನ ವಾಪಸ್ಸು ಹೋಗುತ್ತದೆ, ಮುಂದಿನ ವರ್ಷ ಅಷ್ಟೂ ಕಡಿಮೆ ಬರುತ್ತದೆ. ಆದ್ದರಿಂದ ಪ್ರತಿ ಜೂನಿನಲ್ಲೂ ಚೆನ್ನಾಗಿರುವ ರಸ್ತೆಗಳಿಗೆ ಒಮ್ಮೆಲೇ ಕಾಯಿಲೆ ಬರುತ್ತದೆ. ಆ ವರ್ಷ ಸಂಚಾರ ಸುರಕ್ಷತೆಯ ಅನುದಾನ ಪೂರ್ತಿ ಉಳಿದುಕೊಂಡಿತ್ತು, ಏಕೆಂದರೆ ಊರಿನಲ್ಲಿ ಸಂಚಾರವೇ ಇರಲಿಲ್ಲ. ಬ್ರೆಂಡನ್ ತಂದ ದೂರನ್ನು ಪುರಸಭೆಯು ಎದ್ದು ನಿಂತು ಸ್ವಾಗತಿಸಿತು.

ಮೊದಲು ಬೀದಿಗೆ ಅಡ್ಡಲಾಗಿ ಕಪ್ಪು ರಬ್ಬರ್ ಕೊಳವೆಗಳನ್ನು ಹಾಸಿ ವಾಹನ ಎಣಿಸುವ ಯಂತ್ರ ಕೂರಿಸಿದರು. ವಾರ ಕಳೆದರೂ ಯಂತ್ರ ಸೊನ್ನೆಯನ್ನೇ ತೋರಿಸಿತು. ಮೆಲ್ಬರ್ನಿನಿಂದ ಕರೆಸಿದ್ದ ತಜ್ಞರು ಸೊನ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಿ ವರದಿ ಕೊಟ್ಟರು: ‘ವಾಹನಗಳು ಸದರಿ ಬೀದಿಗೆ ಬರಲು ಹೆದರುತ್ತಿರುವುದು ಸ್ಪಷ್ಟ. ಇಂಥ ಭಯಕ್ಕೆ ಟ್ರಾಫಿಕ್ಕಿನ ಹೊರತು ಬೇರೆ ಕಾರಣ ಇರಲಾರದು. ಪರಿಸ್ಥಿತಿ ಗಂಭೀರವಾಗಿದೆ.’

ಬೀದಿ ಮುಚ್ಚಿ ಕಾಮಗಾರಿ ನಡೆಸಲು ಸಭೆ ಒಪ್ಪಿತು. ರಸ್ತೆಯ ಮೇಲೆ ಇಡುವ ಕಿತ್ತಳೆ ಬಣ್ಣದ ಚೂಪು ಟೋಪಿಗಳಿಗೆ ಇಲ್ಲಿಯವರು ಮಾಟಗಾತಿ ಟೋಪಿ ಅನ್ನುತ್ತಾರೆ. ಅವನ್ನು ಬಾಡಿಗೆಗೆ ಕೊಡುವ ಉದ್ಯಮ ಊರಿನಲ್ಲಿ ಇರುವುದು ಒಂದೇ, ಪುರಸಭಾ ಸದಸ್ಯ ಲೆಸ್ ಹ್ಯಾಲೊರನ್ ಅವರದು. ಸ್ವಂತ ಲಾಭದ ವಿಷಯ ಬಂದಾಗ ಸದಸ್ಯರು ಸಭೆಯಿಂದ ಹೊರನಡೆಯಬೇಕೆಂಬ ನಿಯಮವಿದೆ. ಹ್ಯಾಲೊರನ್ ನಿಯಮಕ್ಕೆ ತಲೆಬಾಗಿ ಹೊರನಡೆದರು, ಹೊರಗಿನಿಂದ ಕಿಟಕಿಯ ಗಾಜು ಬಡಿದು ಎಷ್ಟು ಟೋಪಿ ಬೇಕಾಗಬಹುದೆಂದು ಬೆರಳಿನಲ್ಲಿ ತೋರಿಸಿದರು. ಬೆರಳು ಸಾಲದಾದಾಗ ಬೂಟು ಕಳಚಿದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಒಂದು ಬೆಳಿಗ್ಗೆ ಡಲ್ಸಿ ಗೇಟು ತೆರೆದರೆ ಬೀದಿಯ ಉದ್ದಕ್ಕೂ ಕಿತ್ತಳೆ ಟೋಪಿಗಳು. ಅಂಚೆ ಡಬ್ಬಿಯ ಹತ್ತಿರ ಒಂದು ಅಡ್ಡಗಟ್ಟೆ. ಅಲ್ಲಿ ಹೊಳೆಯುವ ಹಳದಿ ಅಂಗಿ ತೊಟ್ಟ ಶಾರ್ಲೀನ್ ಎಂಬ ಹೆಂಗಸು, ಒಂದು ಕಡೆ ‘ನಿಲ್ಲಿ’, ಇನ್ನೊಂದು ಕಡೆ ‘ನಿಧಾನ’ ಎಂದು ಬರೆದ ಕೋಲು ಹಿಡಿದು, ಬಾರದ ವಾಹನಗಳನ್ನು ತಡೆದು ನಿಲ್ಲಿಸುತ್ತಿದ್ದಳು. ಡಲ್ಸಿ ಚಪ್ಪಲಿಯಲ್ಲೇ ಪುರಸಭೆಗೆ ಓಡಿದಳು.

“ಬ್ರೆಂಡನ್, ಏನೋ ಇದು ನಿನ್ನ ಅವತಾರ? ಟ್ರಾಫಿಕ್ ಇರೋದು ನನ್ನ ಬ್ಲಾಗಲ್ಲಿ ಕಣೋ, ಬೀದೀಲಿ ಅಲ್ಲ!”

“ಬ್ಲಾಗ್ ಎಲ್ಲಿದೆ?”

“ಕಂಪ್ಯೂಟರಲ್ಲಿ.”

“ಕಂಪ್ಯೂಟರ್ ಎಲ್ಲಿದೆ?”

“ಅಡಿಗೆಮನೇಲಿ.”

“ಅಡಿಗೆಮನೆ?”

“ಕ್ವಾಂಡಾಂಗ್ ಬೀದೀಲಿ... ಅಲ್ಲ ಕಣೋ, ಹಂಗಲ್ಲ!”

“ಮತ್ತೆ ಇನ್ನೆಂಗೆ ಮಿಸೆಸ್ ಪಾರ್ಜಿಟರ್? ವಿಳಾಸ ಸರಿಯಾಗೇ ಇದೆಯಲ್ಲ.”

“ದೂರು ವಾಪಸ್ ತಗೊಂಡೆ ಅಂತ ಬರ್ಕೋ.”

“ವಾಪಸ್ ತಗೊಳ್ಳಕ್ಕೆ ಅವಕಾಶ ಇಲ್ಲ. ಇತ್ಯರ್ಥ ಆಗಬೇಕು. ಟ್ರಾಫಿಕ್ ಕಡಿಮೆ ಆಗಿದೆ ಅಂತ ತೋರಿಸಬೇಕು.”

“ಸೊನ್ನೆ ಇದೆಯಲ್ಲೋ ನಿನ್ನ ಮೆಷಿನ್ನಲ್ಲಿ?”

“ಅದೇ ಕಷ್ಟ,” ಅಂದ ಬ್ರೆಂಡನ್ ನಿಜವಾಗಿ ನೊಂದುಕೊಂಡು. “ಸೊನ್ನೆಗಿಂತ ಕಡಿಮೆ ಮಾಡಬೇಕು. ಟೈಮ್ ಹಿಡಿಯುತ್ತೆ.”

ಆದರೆ ಬ್ರೆಂಡನ್ ಕೆಲಸಗಳ್ಳನಲ್ಲ. ಅವತ್ತೇ ಕೂತು ಬ್ಲಾಗನ್ನು ತೆರೆದು ನೋಡಿದ. ನೋಡಿದ ಮೇಲೆ ಡಲ್ಸಿ ಹೇಳಿದ್ದು ನಿಜವೆಂದು ಅವನಿಗೆ ಮನವರಿಕೆಯಾಯಿತು. ಎರಡು ದಿನದಲ್ಲಿ ಪುರಸಭೆಯ ಗೋಡೆಯ ಮೇಲೆ ಈ ಪ್ರಕಟಣೆ ಕಾಣಿಸಿಕೊಂಡಿತು:

‘ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, “ಇವತ್ತು ಮೊಟ್ಟೆ ಇಲ್ಲ” ಎಂಬ ಬ್ಲಾಗಿನಲ್ಲಿ ಜನರು ಹಗಲಿರುಳೆನ್ನದೆ ಬಂದುಹೋಗುತ್ತಿರುವುದು ಕಂಡುಬಂದ ಮೇರೆಗೆ, ಸದರಿ ಬ್ಲಾಗನ್ನು ಕ್ವಾಂಡಾಂಗ್ ಬೀದಿಯ ಮುಂದುವರಿದ ಭಾಗವೆಂದು ಪರಿಗಣಿಸಲಾಗಿದೆ. ಓದುಗರು ಎಡಗಡೆಯಿಂದಲೇ ಓದತಕ್ಕದ್ದು. ಶಾಲೆ ಬಿಡುವ ವೇಳೆಯಲ್ಲಿ ನಿಧಾನವಾಗಿ ಓದತಕ್ಕದ್ದು. ಬಲಗಡೆಯಿಂದ ಬರುವ ಅಭಿಪ್ರಾಯಕ್ಕೆ ದಾರಿ ಬಿಡತಕ್ಕದ್ದು. ಕುಡಿದು ಕಾಮೆಂಟ್ ಮಾಡುವವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು. ಸಾರ್ವಜನಿಕ ರಸ್ತೆಗೆ ಹೆಸರಿನ ಫಲಕವಿರುವುದು ಕಡ್ಡಾಯವಾದ ಕಾರಣ, ಬ್ಲಾಗಿನ ವಿಳಾಸವನ್ನು ಬೀದಿಯ ಬಾಯಲ್ಲಿ ಎದ್ದುಕಾಣುವಂತೆ ಬರೆಸಲಾಗುವುದು.’

ಫಲಕ ಅಡ್ಡಗಟ್ಟೆಯ ಪಕ್ಕದಲ್ಲೇ ಎದ್ದು ನಿಂತಿತು. ಬಳಗದವರು ಕಾನೂನನ್ನು ಪಾಲಿಸಿದರು. ಆರ್ಚಿ ‘ಚೆನ್ನಾಗಿದೆ’ ಅಂತ ಬರೆದು, ಅದರ ಕೆಳಗೆ, ಆತುರದಲ್ಲಿ ವೇಗಮಿತಿ ಮೀರಿದ್ದಕ್ಕೆ ಮನ್ನಿಸಿ ಅಂದ. ನಾರ್ಫೋಕಿನಾಕೆ ಎಂದಿನಂತೆ ಕ್ಷಮೆ ಕೇಳಿದಳು, ಪುರಸಭೆ ಅದನ್ನು ತಪ್ಪೊಪ್ಪಿಗೆಯೆಂದು ಸ್ವೀಕರಿಸಿತು. ನೆಸ್ಟಾ ಮಾತ್ರ, ‘ನಿಮ್ಮೂರಿನವರಿಗೆ ಮಾಡಕ್ಕೆ ಬೇರೆ ಕೆಲಸ ಇಲ್ವೇನೇ? ನಾನು ಗುರುವಾರ ಹಡಗು ಹತ್ತುತೀನಿ’ ಅಂತ ಬರೆದಳು. ಡಲ್ಸಿ ಬ್ರೆಂಡನ್‌ನ ಬೆನ್ನು ಹತ್ತಿದಳು. ಬೀದಿ ತೆರೆಯುವ ತಾರೀಕು ಯಾವುದೆಂದು ಕೇಳಿದರೆ ಬ್ರೆಂಡನ್, “ಅನುದಾನ ಮುಗಿಯೋವರೆಗೂ ಅಪಾಯ ಇದ್ದೇ ಇರುತ್ತೆ” ಅನ್ನುತ್ತಿದ್ದ.

ನೆಸ್ಟಾ ಬಂದದ್ದು ಶನಿವಾರ, ಬೆಳಗಿನ ಇಬ್ಬನಿ ಕರಗುವ ಹೊತ್ತಿಗೆ. ಪುಟ್ಟ ಹಸಿರು ಕಾರು, ಹಿಂದಿನ ಸೀಟಿನ ತುಂಬ ಜಾಮ್ ಬಾಟಲಿಗಳು. ಡಲ್ಸಿ ಸ್ಕೋನ್ ಎಂಬ ಪುಟ್ಟ ಬನ್ನುಗಳನ್ನು ಒಲೆಯಲ್ಲಿಟ್ಟು ಗೇಟಿನಲ್ಲೇ ಕಾದಿದ್ದವಳು, ಕಾರು ಕಂಡದ್ದೇ ಏಪ್ರನ್ನಿನಲ್ಲೇ ಬೀದಿಯ ಬಾಯಿಗೆ ಓಡಿದಳು. ಶಾರ್ಲೀನ್ ಕೋಲಿನ ‘ನಿಲ್ಲಿ’ ಕಡೆಯನ್ನು ತಿರುಗಿಸಿ ಹಿಡಿದಳು. ಅವಳ ಉದ್ಯೋಗಪರ್ವದಲ್ಲಿ ಬಂದ ಮೊದಲ ವಾಹನ ಅದು.

ನೆಸ್ಟಾ ಕಾರಿನಿಂದ ಇಳಿದು, ಕಣ್ಣು ಕಿರಿದು ಮಾಡಿ, ಎರಡೂ ಕೈ ಚಾಚಿ ನಡೆದುಬಂದಳು. “ಡಲ್ಸೀ! ಎಷ್ಟು ದಪ್ಪ ಆಗಿದ್ದೀಯೆ! ಕೆಂಪು ಕೋಟು ಚೆನ್ನಾಗಿದೆ ಕಣೇ!”

“ಅದು ಅಂಚೆ ಡಬ್ಬಿ ಕಣೇ ಮಾರಾಯ್ತಿ,” ಅಂದಳು ಡಲ್ಸಿ. “ನಾನು ಈ ಕಡೆ.”

ಇಬ್ಬರ ನಡುವೆ ಅಡ್ಡಗಟ್ಟೆ, ಒಂದು ಸಾಲು ಮಾಟಗಾತಿ ಟೋಪಿ. ಕೈ ಚಾಚಿದರೂ ಎಟುಕುತ್ತಿರಲಿಲ್ಲ. ಡಲ್ಸಿ ಶಾರ್ಲೀನಳ ಕಡೆ ತಿರುಗಿದಳು. “ಬಿಡಮ್ಮಾ ಇವಳನ್ನ. ಸಮುದ್ರ ದಾಟ್ಕೊಂಡು ಬಂದಿದ್ದಾಳೆ.”

“ನಂಗೇನು ಆಸೆನಾ ಡಲ್ಸಿ, ನಿಮ್ಮನ್ನ ತಡೆಯಕ್ಕೆ?” ಅಂದಳು ಶಾರ್ಲೀನ್. “ಒಂದು ಕಾರು ಒಳಗೆ ಹೋದ್ರೂ ಮೆಷಿನ್ನು ಒಂದು ಅಂತ ತೋರಿಸುತ್ತೆ. ಸೊನ್ನೆಯಿಂದ ಒಂದು ಅಂದ್ರೆ ಎಷ್ಟು ಪಟ್ಟು ಏರಿಕೆ ಅಂತ ಲೆಕ್ಕ ಹಾಕಕ್ಕೇ ಬರಲ್ವಂತೆ. ಬ್ರೆಂಡನ್‌ನೇ ಕರೀತೀನಿ ಇರಿ.”

ವಾಕಿಟಾಕಿಯಲ್ಲಿ ಕರೆಸಿದ ಬ್ರೆಂಡನ್ ಬಂದು ಎಲ್ಲವನ್ನೂ ಸಾವಧಾನದಿಂದ ಆಲಿಸಿದ. ಕಾರು ಬೇಡ, ನಡೆದುಕೊಂಡು ಹೋಗುತ್ತೇನೆ ಅಂದಳು ನೆಸ್ಟಾ. ಕಾಮಗಾರಿ ಸ್ಥಳದಲ್ಲಿ ನಡೆಯಬೇಕಾದರೆ ಸುರಕ್ಷತಾ ತರಬೇತಿ ಆಗಿರಬೇಕು, ತರಬೇತಿ ಮುಂದಿನದು ಆಗಸ್ಟಿನಲ್ಲಿ ಅಂದ ಅವನು. ಹಾಗಾದರೆ ನಾನೇ ಹೊರಗೆ ಬಂದು ಅವಳ ಜೊತೆ ಕೂರುತ್ತೇನೆ ಅಂದಳು ಡಲ್ಸಿ. ಬೀದಿಯ ನಿವಾಸಿ ದೂರುದಾರಳೂ ಆಗಿರುವಾಗ ಕಾಮಗಾರಿಯ ವೇಳೆಯಲ್ಲಿ ದೂರಿನ ಕೆಲಸಕ್ಕಲ್ಲದೆ ಅಪಾಯದ ಜಾಗದಿಂದ ಹೊರಬರುವಂತಿಲ್ಲ, ಬಂದರೆ ಅಪಾಯ ಇರಲಿಲ್ಲವೆಂದು ಆಗುತ್ತದೆ ಅಂದ ಅವನು.

“ಲೋ ಬ್ರೆಂಡನ್ನಾ!” ಅಂದಳು ಡಲ್ಸಿ. “ಪೈಗೆ ಸಾಸು ಜಾಸ್ತಿ ಹಾಕಿ ಅಂತ ದಿನಾ ಪೀಡಿಸ್ತಿದ್ದೆಯಲ್ಲೋ, ಒಂದು ದಿನಾ ಇಲ್ಲ ಅಂದಿದ್ನಾ ನಿಂಗೆ? ಏಳು ವರ್ಷದಿಂದ ನನ್ನ ಸುಖದುಃಖ ಕೇಳಿರೋಳು ಇವಳೊಬ್ಬಳು. ಸೋಮವಾರ ಇವಳ ಲೈಸೆನ್ಸ್ ಮುಗಿಯುತ್ತೆ. ಇವತ್ತು ನನ್ನ ಮೇಜಿನ ಹತ್ರ ಕೂತು ಒಂದು ಕಪ್ ಟೀ ಕುಡೀಲಿಲ್ಲ ಅಂದ್ರೆ ಇನ್ನು ಯಾವತ್ತೂ ಇಲ್ಲ. ಹಾಳಾಗಿ ಹೋಗ್ಲಿ ನಿನ್ನ ಸೊನ್ನೆ!”

ಬ್ರೆಂಡನ್‌ನ ಕಣ್ಣಲ್ಲೂ ನೀರು ಬಂತು. ಅವನು ಅದನ್ನು ಒರೆಸಿಕೊಂಡು, “ನಿಯಮ ನಾನು ಮಾಡಿದ್ದಲ್ಲ ಮಿಸೆಸ್ ಪಾರ್ಜಿಟರ್. ಒಳಗೆ ಹೋಗಬಹುದಾದವರು ಕಾಮಗಾರಿಯ ಸಿಬ್ಬಂದಿ ಮಾತ್ರ” ಅಂದ.

ನೆಸ್ಟಾ ಕೇಳಿದಳು. “ಸಿಬ್ಬಂದಿಗೆ ತರಬೇತಿ ಬೇಡವಾ?”

“ಸಿಬ್ಬಂದಿಗೆ ಕೆಲಸಕ್ಕೆ ಸೇರಿದ ಮೇಲೆ ಕೊಡ್ತೀವಿ. ಆಗಸ್ಟಿನಲ್ಲಿ.”

“ಕೆಲಸ ಖಾಲಿ ಇದೆಯಾ?”

ಬ್ರೆಂಡನ್ ಶಾರ್ಲೀನಳ ಮುಖ ನೋಡಿದ, ಶಾರ್ಲೀನ್ ಬ್ರೆಂಡನ್‌ನ ಮುಖ ನೋಡಿದಳು. ನಿಯಮದ ಪ್ರಕಾರ ಬೀದಿಗೆ ಎರಡು ತುದಿ ಇರುವುದರಿಂದ ಕೋಲು ಹಿಡಿಯುವವರು ಇಬ್ಬರಿರಬೇಕಿತ್ತು. ಡಲ್ಸಿಯ ಗೇಟಿನ ತುದಿಯ ಹುದ್ದೆಗೆ ಯಾರೂ ಅರ್ಜಿ ಹಾಕಿರಲಿಲ್ಲ, ಕುರಿಗಳನ್ನು ನೋಡುತ್ತ ನಿಲ್ಲಲು ಯಾರಿಗೆ ಬೇಕು? ಅದರ ಸಂಬಳ ಅನುದಾನದಲ್ಲಿ ಹಾಗೇ ಕೊಳೆಯುತ್ತಿತ್ತು, ಸೋಮವಾರದೊಳಗೆ ಖರ್ಚಾಗದಿದ್ದರೆ ಬ್ರೆಂಡನ್ ಮೇಲಿನವರಿಗೆ ಉತ್ತರ ಕೊಡಬೇಕಾಗಿತ್ತು.

“ಇವರಿಗೆ ಕಣ್ಣು ಕಾಣಲ್ವಲ್ಲ ಸಾರ್,” ಅಂದಳು ಶಾರ್ಲೀನ್ ಮೆಲ್ಲಗೆ.

ಬ್ರೆಂಡನ್ ಮೊಬೈಲಿನಲ್ಲಿ ನಿಯಮಾವಳಿ ತೆರೆದು ಮೇಲಿನಿಂದ ಕೆಳಗೆ ಓದಿದ. “ಅಭ್ಯರ್ಥಿಯು ಬೇರೆಯವರಿಗೆ ಚೆನ್ನಾಗಿ ಕಾಣಿಸಬೇಕು ಅಂತಿದೆ. ಅಭ್ಯರ್ಥಿಗೆ ಕಾಣಿಸಬೇಕು ಅಂತ ಎಲ್ಲೂ ಇಲ್ಲ.” ಆಮೇಲೆ ದೂರ ಹೋಗಿ ನಿಂತು ಕೂಗಿದ. “ಮೇಡಂ, ನೀವು ನನಗೆ ಕಾಣಿಸ್ತಾ ಇದ್ದೀರಿ! ಅಭಿನಂದನೆಗಳು!”

ಹಾಗೆ ನೆಸ್ಟಾ ಕರ್ಕ್‌ಬ್ರೈಡ್ ಎಂಬ ಎಪ್ಪತ್ತೊಂದರ ಜಾಮ್ ತಯಾರಕಿಯು ವಿಲ್ಗಾ ಫ್ಲಾಟ್ ಪುರಸಭೆಯ ಸಂಚಾರ ನಿಯಂತ್ರಕಿಯಾಗಿ ನೇಮಕಗೊಂಡಳು. ಮೊಣಕಾಲಿನವರೆಗೆ ಬರುವ ಹಳದಿ ಅಂಗಿ ತೊಟ್ಟು, ಕೋಲನ್ನು ಊರುಗೋಲಿನಂತೆ ಊರಿಕೊಂಡು, ಡಲ್ಸಿಯ ತೋಳು ಹಿಡಿದು ಬೀದಿಯ ಉದ್ದಕ್ಕೂ ನಡೆದು ಗೇಟಿನ ತುದಿಯಲ್ಲಿ ಅಧಿಕಾರ ವಹಿಸಿಕೊಂಡಳು. ಸ್ವಲ್ಪ ಹೊತ್ತಿಗೇ ಸ್ಮೋಕೊ ಬಂತು. ದುಡಿಯುವವರ ಚಹಾ ವಿರಾಮಕ್ಕೆ ಇಲ್ಲಿ ಸ್ಮೋಕೊ ಅನ್ನುತ್ತಾರೆ. ಈ ದೇಶದಲ್ಲಿ ಸರ್ಕಾರ ಬೀಳಬಹುದು, ಸ್ಮೋಕೊ ತಪ್ಪುವಂತಿಲ್ಲ. ನೆಸ್ಟಾ ‘ನಿಲ್ಲಿ’ ಫಲಕವನ್ನು ಬೀದಿಯ ಕಡೆಗೆ ತಿರುಗಿಸಿ ಗೇಟಿಗೆ ಒರಗಿಸಿ ಒಳಗೆ ಬಂದಳು.

ಮೇಜಿನ ಮೇಲೆ ಸ್ಕೋನು, ಕೆನೆ, ಟಾಸ್ಮೇನಿಯಾದ ಜಾಮು. ಎರಡು ಕುರ್ಚಿ. ಇಬ್ಬರೂ ಕೂತರು, ಕೂತು ಒಬ್ಬರನ್ನೊಬ್ಬರು ನೋಡಿದರು. ಮಾತೇ ಹೊರಡಲಿಲ್ಲ. ಏಳು ವರ್ಷ ಬರೆದು ಬರೆದು ಅಭ್ಯಾಸವಾದ ಬಾಯಿ, ಏನು ಹೇಳಬೇಕೆಂದು ಅದಕ್ಕೆ ತಿಳಿಯಲಿಲ್ಲ. ಚಮಚ ಬಟ್ಟಲಿಗೆ ತಾಗಿದ ಸದ್ದು ಕೂಡ ದೊಡ್ಡದಾಗಿ ಕೇಳಿಸಿತು. ಡಲ್ಸಿಗೆ ಹೆದರಿಕೆಯಾಯಿತು, ಇಷ್ಟೆಲ್ಲ ಮಾಡಿ ಕೊನೆಗೆ ಇಷ್ಟೇನಾ ಅಂತ. ಅವಳು ಕಂಪ್ಯೂಟರನ್ನು ಹತ್ತಿರಕ್ಕೆಳೆದುಕೊಂಡು ಟಕಟಕ ಒಂದು ಸಾಲು ಬರೆದಳು. ನೆಸ್ಟಾಳ ಕೈಚೀಲದಲ್ಲಿ ಫೋನು ಟಣ್ ಅಂದಿತು. ಅವಳು ಫೋನನ್ನು ಮೂಗಿಗೆ ತಾಗಿಸಿಕೊಂಡು ಓದಿದಳು: ‘ಜಾಮ್ ಸ್ವಲ್ಪ ಸೀದಿದೆ.’

“ಸೀದಿದೆಯಾ? ನಿನ್ನ ನಾಲಿಗೆ ಸೀದಿದೆ ಕಣೇ, ಹುಂಜಕ್ಕೂ ಕೋಳಿಗೂ ವ್ಯತ್ಯಾಸ ತಿಳಿಯದವಳೇ!” ಅಂತ ಬಾಯಿ ಬಿಟ್ಟಳು ನೆಸ್ಟಾ.

ಅಷ್ಟೇ, ಕಟ್ಟೆ ಒಡೆಯಿತು. ಅವತ್ತಿನ ಸ್ಮೋಕೊ ಮಧ್ಯಾಹ್ನದ ಊಟದ ವಿರಾಮಕ್ಕೆ ಕೂಡಿಕೊಂಡಿತು, ಊಟದ ವಿರಾಮ ಸಂಜೆಯ ಸ್ಮೋಕೊಗೆ. ಲೈಸೆನ್ಸ್ ಮುಗಿದ ಮೇಲೆ ಕಾರು ಓಡಿಸುವಂತಿಲ್ಲ ಎಂಬ ಕಾರಣಕ್ಕೆ ಪುರಸಭೆ ನೆಸ್ಟಾಳಿಗೆ ಕಾಮಗಾರಿ ಸ್ಥಳದಲ್ಲೇ ವಸತಿ ಮಂಜೂರು ಮಾಡಿತು. ಸ್ಥಳದಲ್ಲಿದ್ದ ಮನೆ ಒಂದೇ.

ಜುಲೈನಲ್ಲಿ ಹೊಸ ಅನುದಾನ ಬಂತು. ಆ ಹೊತ್ತಿಗೆ ಬ್ರೆಂಡನ್‌ನ ವರದಿ ರಾಜ್ಯದಲ್ಲೆಲ್ಲ ಓಡಾಡಿತ್ತು: ‘ನಿರಂತರ ಪರಿಶ್ರಮದಿಂದ ಸೊನ್ನೆಯನ್ನು ಸೊನ್ನೆಯಾಗಿಯೇ ಉಳಿಸಿಕೊಂಡ ದೇಶದ ಮೊದಲ ಬೀದಿ.’ ಬೇರೆ ಬೇರೆ ಪುರಸಭೆಗಳ ಸಂಚಾರ ಅಧಿಕಾರಿಗಳು ಟ್ರಾಫಿಕ್ಕಿಲ್ಲದ ಬೀದಿಯ ಅಧ್ಯಯನಕ್ಕೆ ಕಾರು ಮಾಡಿಕೊಂಡು ಬರತೊಡಗಿದರು. ಅವರ ಹಿಂದೆ ಪ್ರವಾಸಿಗರು. ಮುಖ್ಯರಸ್ತೆಯಲ್ಲಿ ಕಂದು ಬಣ್ಣದ ಪ್ರವಾಸಿ ಫಲಕವೂ ಬಂತು. ಎರಡು ತುದಿಯ ಕೋಲುಗಳೂ ಒಪ್ಪಿದರೆ ಮಾತ್ರ ದಾರಿ ಬಿಡಬೇಕೆಂದು ನಿಯಮವಾದ್ದರಿಂದ, ಬಂದವರೆಲ್ಲ ಶಾರ್ಲೀನಳ ಎದುರು ಸಾಲಾಗಿ ನಿಂತು, ದೂರದ ಗೇಟಿಗೆ ಒರಗಿಸಿಟ್ಟ ನೆಸ್ಟಾಳ ಕೋಲನ್ನು ನೋಡುತ್ತ ಕಾದರು. ಸಾಲು ಕ್ರಮೇಣ ಬೇಕರಿ ದಾಟಿತು, ಚರ್ಚು ದಾಟಿತು. ಬೇಕರಿಯವನು ಕಾರಿನ ಕಿಟಕಿಗಳಿಗೇ ಪೈ ತಂದುಕೊಡಲು ಶುರುಮಾಡಿದ. ಹ್ಯಾಲೊರನ್ ಇನ್ನಷ್ಟು ಟೋಪಿ ತರಿಸಿದರು. ಕೂತಲ್ಲೇ ಕೂತವರಿಗೆ ಮಾಡಲು ಕೆಲಸವಿಲ್ಲ, ಎದುರಿಗೆ ಬ್ಲಾಗಿನ ವಿಳಾಸದ ಫಲಕ. ಒಬ್ಬೊಬ್ಬರೇ ಫೋನು ತೆಗೆದರು. ಯಾರೂ ಹಾರ್ನ್ ಹೊಡೆಯಲಿಲ್ಲ, ಯಾರೂ ದೂರು ಕೊಡಲಿಲ್ಲ. ಮೊನ್ನೆ ಸಚಿವರೊಬ್ಬರ ಕಾರೂ ಸಾಲಿನಲ್ಲಿ ನಿಂತಿತ್ತು, ಅವರೂ ಕಿಟಕಿ ಇಳಿಸಿ ಪೈ ತೆಗೆದುಕೊಂಡು ಕಾದರು.

ಅವತ್ತು ಬೆಳಗಿನ ಸ್ಮೋಕೊ ಮುಗಿಯುತ್ತ ಬಂದಿತ್ತು. ನೆಸ್ಟಾ ಅಂಗಿಯ ಮೇಲಿನ ಸ್ಕೋನಿನ ಪುಡಿ ಕೊಡವಿಕೊಂಡು ಏಳಹೊರಟಳು.

“ಹೊರಗೆ ಬಹಳ ಜನ ಇರೋ ಹಂಗಿದೆ ಕಣೇ. ಹೋಗಿ ಕೋಲು ತಿರುಗಿಸ್ಲಾ?”

ಡಲ್ಸಿ ಕಿಟಕಿಯ ಪರದೆ ಸರಿಸಿ ನೋಡಿದಳು. ಬೀದಿಯ ಬಾಯಿಂದ ಕಣ್ಣು ಹೋಗುವಷ್ಟು ದೂರ ಕಾರುಗಳು. ಒಂದೊಂದರಲ್ಲೂ ತಲೆ ತಗ್ಗಿಸಿದ ಒಬ್ಬೊಬ್ಬರು. ಅಲ್ಲೊಬ್ಬ ಒಬ್ಬನೇ ನಗುತ್ತಿದ್ದ, ಇನ್ನೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ಡಲ್ಸಿ ಪರದೆ ಎಳೆದು ಬಂದು ಕೆಟಲಿಗೆ ಮತ್ತೆ ನೀರು ತುಂಬಿದಳು.

“ಕೂತ್ಕೊಳ್ಳೇ,” ಅಂದಳು. “ಓದ್ತಾ ಇದ್ದಾರೆ.”